ಕೃಷ್ಣೆಯ ಪಾಠದಲ್ಲಿ ನಿಂತ ಫೋನುಗಳು

ಬೆಳಿಗ್ಗೆ ಹಲಸೂರಿನ ಆಫೀಸಿಗೆ ಬಂದು ಇನ್ನೂ ಬ್ಯಾಗು ಕೆಳಗಿಟ್ಟಿರಲಿಲ್ಲ, ಕೆ.ಆರ್. ಪುರದಿಂದ ಫೋನು ಬಂತು.

“ಸರ್, ನಂದು ಕೃಷ್ಣಾ ಹೊಳಿ ಹತ್ರ ನಿಂತ್ಬಿಟ್ಟದ ರೀ. ಮುಂದಕ್ಕ ಹೋಗವಲ್ದು.”

“ನೆಟ್ ಇದೆಯಾ ನೋಡ್ಕೊಂಡ್ರಾ?”

“ನೆಟ್ ಅದ ರೀ. ಬೇರೆ ಎಲ್ಲಾ ನಡೀತದ. ಮಿಸ್ ಪಾಠ ಒಂದೇ ಬರವಲ್ದು.”

ಆ್ಯಪ್ ಮುಚ್ಚಿ ತೆಗೆಯಿರಿ ಎಂದೆ. ಗೊತ್ತಿಲ್ಲದಾಗ ನಾವೆಲ್ಲ ಮೊದಲು ಕೊಡುವ ಸಲಹೆ ಅದೇ. ಆಕೆ ಮುಚ್ಚಿ ತೆಗೆದರು, ಮತ್ತೆ ಅಲ್ಲೇ ನಿಂತಿತು. ಮಧ್ಯಾಹ್ನದೊಳಗೆ ಇನ್ನೂ ಹಲವರು ಫೋನು ಮಾಡಿದರು. ಎಲ್ಲರದೂ ಕೃಷ್ಣೆಯ ಪಾಠದಲ್ಲೇ, ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ನಿಂತಿತ್ತು. ಒಬ್ಬರದು ನಿಂತರೆ ಫೋನಿನ ತೊಂದರೆ ಎನ್ನಬಹುದು. ಎಲ್ಲರದೂ ಒಂದೇ ಕಡೆ ನಿಂತರೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

ನಮ್ಮದು ದೃಷ್ಟಿಯಿಲ್ಲದವರಿಗಾಗಿ ಪಠ್ಯಪುಸ್ತಕಗಳನ್ನು ಓದಿಸಿ ಧ್ವನಿಮುದ್ರಿಸಿ ಕೊಡುವ ಸಣ್ಣ ಟ್ರಸ್ಟ್. ಅಲ್ಲಿ ಕಂಪ್ಯೂಟರಿಗೆ ಸಂಬಂಧಪಟ್ಟದ್ದೆಲ್ಲ ನನ್ನ ತಲೆಗೆ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡರೂ ನಾನೇ, ಫ್ಯಾನು ಸದ್ದು ಮಾಡಿದರೂ ನಾನೇ. ಕೆ.ಆರ್. ಪುರದಿಂದ ಫೋನು ಮಾಡಿದ ಹೆಣ್ಣುಮಗಳು ರಾಯಚೂರಿನ ಕಡೆಯವರು. ಗಾರೆ ಕೆಲಸ ಮಾಡುವ ಅಣ್ಣನ ಸಂಸಾರದ ಜೊತೆ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಹಗಲು ಒಂದು ಆಫೀಸಿನ ಟೆಲಿಫೋನ್ ಬೋರ್ಡಿನಲ್ಲಿ ಕೂತು, ಉಳಿದ ಹೊತ್ತಿನಲ್ಲಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದರು. ಓದುವುದು ಎಂದರೆ ಕೇಳುವುದು. ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು, ಮುಂದಿನ ತಿಂಗಳ ಪರೀಕ್ಷೆ ಬಿಟ್ಟರೆ ಇನ್ನೊಂದು ಅವಕಾಶ ಇರಲಿಲ್ಲ. ಹಿಂದಿನ ಸಲ ಭೂಗೋಳದಲ್ಲಿ, ಅದರಲ್ಲೂ ನಕ್ಷೆಯ ಪ್ರಶ್ನೆಗಳಲ್ಲಿ ಹೊಡೆತ ತಿಂದಿದ್ದರು.

ನಕ್ಷೆಯನ್ನು ಕಣ್ಣಿಲ್ಲದವರಿಗೆ ಓದಿ ಹೇಳುವುದು ಹೇಗೆ? ಅದನ್ನು ಮಾಡುತ್ತಿದ್ದವರು ಮಿಸ್ ಒಬ್ಬರೇ. ಕುಕ್ ಟೌನಿನಲ್ಲಿ ಒಂಟಿಯಾಗಿದ್ದ, ಕಂಟೋನ್ಮೆಂಟಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಹಳೆಯ ವಿದ್ಯಾರ್ಥಿಗಳು ಕರೆಯುತ್ತಿದ್ದ ಹಾಗೆ ನಾವೂ ಮಿಸ್ ಎಂದೇ ಕರೆಯುತ್ತಿದ್ದೆವು. ಅವರ ಪಾಠ ಶುರುವಾಗುವುದು ಹೀಗೆ: “ನೀವು ಕೂತಿರೋ ರೂಮೇ ಕರ್ನಾಟಕ ಅಂದ್ಕೊಳ್ಳಿ. ಎಡಗಡೆ ಗೋಡೆ ಸಮುದ್ರ. ಬೆನ್ನ ಹಿಂದೆ ಕೇರಳ, ತಮಿಳುನಾಡು. ಈಗ ಎದುರುಗಡೆ ಗೋಡೆಯ ಎಡಮೂಲೆಗೆ ಗಮನ ಕೊಡಿ, ಅಲ್ಲಿಂದ ಒಂದು ನದಿ ಒಳಗೆ ಬರ್ತಿದೆ.” ಮುಂದೆ ಬರೆದಿಟ್ಟುಕೊಂಡ ಕಾಗದವಿಲ್ಲ, ಪುಸ್ತಕವಿಲ್ಲ. ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋಗುತ್ತಿದ್ದರು. ಆ ನದಿ ಕೃಷ್ಣೆ. ನಮ್ಮ ಕೇಳುಗರೆಲ್ಲರ ಕೋಣೆಯ ನಡುವೆ ಬಂದು ನಿಂತದ್ದು ಅವಳೇ.

ಯಾಕೆ ನಿಂತಿತು ಎಂದು ಹೇಳಬೇಕಾದರೆ ನಮ್ಮ ಪಾಠಗಳು ಹೇಗೆ ಹಂಚಿಕೆಯಾಗುತ್ತಿದ್ದವು ಎಂದು ಹೇಳಬೇಕು. ಮೊದಲು ಎಲ್ಲವೂ ಬಾಡಿಗೆಯ ಸರ್ವರಿನಲ್ಲಿದ್ದವು. ಅದರ ಖರ್ಚು ಹೊತ್ತಿದ್ದ ದಾನಿಗಳು ಹಿಂದೆ ಸರಿದ ಮೇಲೆ ನಾವು ಪೀರ್-ಟು-ಪೀರ್ ವ್ಯವಸ್ಥೆಗೆ ಬಂದೆವು. ಇದರಲ್ಲಿ ನಡುವೆ ದೊಡ್ಡ ಯಂತ್ರ ಎಂಬುದಿಲ್ಲ. ಧ್ವನಿಯ ಕಡತವನ್ನು ತುಂಡುಗಳಾಗಿ ಒಡೆದಿರುತ್ತಾರೆ. ಯಾರ ಫೋನಿಗೆ ಯಾವ ತುಂಡು ಬಂದಿದೆಯೋ ಆ ಫೋನು ಅದನ್ನು ಇಲ್ಲದವರಿಗೆ ಕೊಡುತ್ತದೆ, ತನಗೆ ಬೇಕಾದದ್ದನ್ನು ಅವರಿಂದ ತೆಗೆದುಕೊಳ್ಳುತ್ತದೆ. ಒಂದೇ ನೋಟ್ಸಿನ ಹಾಳೆಗಳನ್ನು ಹಾಸ್ಟೆಲಿನ ಹುಡುಗರು ಬಿಡಿಸಿ ಹಂಚಿಕೊಂಡು ಒಬ್ಬರದನ್ನೊಬ್ಬರು ನಕಲು ಮಾಡಿಕೊಳ್ಳುವುದಿಲ್ಲವೇ, ಹಾಗೆ. ಪ್ರತಿ ತುಂಡಿಗೂ ಬೆರಳಚ್ಚಿನಂಥ ಗುರುತಿದೆ. ಬಂದದ್ದು ಆ ಗುರುತಿಗೆ ತಾಳೆಯಾಗದಿದ್ದರೆ ಫೋನು ಅದನ್ನು ಎಸೆಯುತ್ತದೆ. ಈಗ ಯಾರು ಯಾರು ತೆರೆದುಕೊಂಡಿದ್ದಾರೆ, ಅವರ ಬಳಿ ಎಷ್ಟು ತುಂಡುಗಳಿವೆ ಎಂದು ಹೇಳಲು ಟ್ರ್ಯಾಕರ್ ಎಂಬ ಸಣ್ಣ ಪ್ರೋಗ್ರಾಮು ನಮ್ಮ ಆಫೀಸಿನಲ್ಲಿ ಓಡುತ್ತಿತ್ತು. ಅದರದು ಹಾಜರಿ ಕರೆಯುವ ಕೆಲಸ ಮಾತ್ರ, ಅದೂ ಹೆಸರಿಲ್ಲದ ಹಾಜರಿ.

ಇಂಥ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಫೋನುಗಳು ಅಪರೂಪದ ತುಂಡನ್ನು ಮೊದಲು ತರಿಸಿಕೊಳ್ಳುತ್ತವೆ. ಹಾಗೆ ಮಾಡಿದರೆ ಬೇರೆ ಬೇರೆಯವರ ಬಳಿ ಬೇರೆ ಬೇರೆ ತುಂಡುಗಳಿರುತ್ತವೆ, ಯಾವುದೂ ಕಳೆದುಹೋಗುವುದಿಲ್ಲ. ನಮ್ಮ ಕೇಳುಗರಿಗೆ ಅದು ಹಿಡಿಸಲಿಲ್ಲ. ಬರುತ್ತಾ ಬರುತ್ತಾ ಕೇಳಬೇಕು, ಕಾಯಲು ಪುರುಸೊತ್ತಿಲ್ಲ ಎಂದರು. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಊಟದ ಬಿಡುವಿನಲ್ಲಿ ಓದುವವರು ಅವರು, ಕೇಳಿದ್ದು ನ್ಯಾಯವೇ. ಹೀಗಾಗಿ ಎಲ್ಲ ಫೋನುಗಳೂ ಮೊದಲಿನಿಂದ ಸಾಲಾಗಿ ತರಿಸಿಕೊಳ್ಳುತ್ತಿದ್ದವು. ಎಲ್ಲರ ಬಳಿಯೂ ಮೊದಲ ಭಾಗವಿತ್ತು. ಕೊನೆಯ ಭಾಗ ಇದ್ದದ್ದು ಕುಕ್ ಟೌನಿನ ಮನೆಯಲ್ಲಿ ಸದಾ ಆನ್ ಇರುತ್ತಿದ್ದ ಮಿಸ್ ಅವರ ಕಂಪ್ಯೂಟರಿನಲ್ಲಿ. ಆಫೀಸಿನ ಯಂತ್ರದಲ್ಲೂ ಒಂದು ಪ್ರತಿ ಇರಬೇಕಿತ್ತು. ಅದರ ಡಿಸ್ಕ್ ತುಂಬಿ ತುಳುಕುತ್ತಿತ್ತು, ಹೊಸ ಡಿಸ್ಕಿನ ಮನವಿ ಟ್ರಸ್ಟಿಗಳ ಮುಂದಿನ ಸಭೆಗೆ ಕಾಯುತ್ತಿತ್ತು.

ಹೊಸ ನಕ್ಷೆ ಪಾಠಗಳು ಹರಿಯತೊಡಗಿದ ವಾರವೇ ಮಿಸ್‌ಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ಹೋಯಿತು. ಆಸ್ಪತ್ರೆಯಿಂದ ಅವರನ್ನು ಅಕ್ಕನ ಮಗಳು ಮಹದೇವಪುರದ ತನ್ನ ಅಪಾರ್ಟ್‌ಮೆಂಟಿಗೆ ಕರೆದೊಯ್ದಳು. ಅವಳು ನಮ್ಮ ಮ್ಯಾನೇಜರ್ ಮೇಡಂ ಬಳಿ ಒಂದೇ ಮಾತು ಕೇಳಿಕೊಂಡಿದ್ದಳು: “ಸ್ಟೂಡೆಂಟ್ಸ್‌ಗೆ ಮಾತ್ರ ಹೇಳ್ಬೇಡಿ ಪ್ಲೀಸ್. ಎಲ್ರೂ ಫೋನ್ ಮಾಡ್ತಾರೆ. ಆಂಟಿ ಏನಂತ ಉತ್ತರ ಕೊಡ್ತಾರೆ?” ಆದ್ದರಿಂದ ಮಿಸ್ ಮನೆಯ ಕಂಪ್ಯೂಟರ್ ಕೆಟ್ಟಿದೆ ಎಂದಷ್ಟೇ ಕೇಳುಗರಿಗೆ ಹೇಳುತ್ತಾ ಬಂದೆವು.

ಅದು ಕೆಟ್ಟಿರಲಿಲ್ಲ, ಮಾರಾಟವಾಗಿತ್ತು. ಕುಕ್ ಟೌನಿನ ಬಾಡಿಗೆ ಮನೆ ಖಾಲಿ ಮಾಡುವಾಗ ಹಳೆ ಪಾತ್ರೆ, ಪೇಪರಿನ ಜೊತೆ ಅದನ್ನೂ ಶಿವಾಜಿನಗರದ ಗುಜರಿಗೆ ಹಾಕಿದ್ದರು. ನಾನು ಬಿದ್ದಂಬೀಳ ಓಡಿದೆ. ಅಂಗಡಿ ಸಿಕ್ಕಿತು, ಕಂಪ್ಯೂಟರಿನ ಡಬ್ಬವೂ ಸಿಕ್ಕಿತು, ಒಳಗೆ ಬಟ್ಟಬಯಲು.

“ಡಿಸ್ಕ್ ಎಲ್ಲ ನಿಕಾಲ್‌ಕೆ ಲಾಟಲ್ಲಿ ಕೊಟ್ಬಿಟ್ವಿ ಸಾಬ್,” ಎಂದ ಅಂಗಡಿಯವನು. “ಎಲ್ಲಿ ಅಂತ ಹುಡುಕ್ತೀರ?”

ಅವನ ಹಿಂದೆ ಮೇಲ್ಛಾವಣಿಯವರೆಗೆ ಪೇರಿಸಿದ, ಕಂಪ್ಯೂಟರುಗಳಿಂದ ಕಿತ್ತ ಹಸಿರು ಸರ್ಕ್ಯೂಟ್ ಹಲಗೆಗಳ ರಾಶಿಯಿತ್ತು. ಹುಡುಕುವ ಆಸೆ ಬಿಟ್ಟೆ. ಬೇರೆ ಏನಾದರೂ ಉಳಿದಿದೆಯಾ ಎಂದು ಅಕ್ಕನ ಮಗಳಿಗೆ ಫೋನು ಮಾಡಿದೆ. ಕಂಪ್ಯೂಟರ್ ಸಾಮಾನು ಒಂದೂ ಇಲ್ಲ ಎಂದಳು.

ಮ್ಯಾನೇಜರ್ ಮೇಡಂ ಬೇರೆಯವರಿಂದ ಓದಿಸೋಣ ಎಂದರು. ಇಂದಿರಾನಗರದಿಂದ ಬರುವ ಸ್ವಯಂಸೇವಕರೊಬ್ಬರು ಒಳ್ಳೆಯ ದನಿಯವರು, ಕೂತು ಓದಿದರು. ಎರಡನೇ ಪುಟದಲ್ಲೇ “ಚಿತ್ರದಲ್ಲಿ ತೋರಿಸಿರುವಂತೆ” ಎಂದು ಬಂತು. ಅವರು ನಿಲ್ಲಿಸಿ ನನ್ನ ಮುಖ ನೋಡಿದರು. ಚಿತ್ರದಲ್ಲಿರುವುದನ್ನು ನೀವೇ ಹೇಳಿ ಎಂದೆ. ಪಾಪ, ಪ್ರಯತ್ನಪಟ್ಟರು. ಅದನ್ನು ಕೆ.ಆರ್. ಪುರಕ್ಕೆ ಕಳಿಸಿದಾಗ ಆಕೆ ಮರ್ಯಾದೆಯಿಂದ ಕೇಳಿ, “ಛಲೋ ಓದ್ಯಾರ್ರಿ. ಆದ್ರ ಹೊಳಿ ಯಾವ ಕಡಿ ಹೊಂಟದ ತಿಳೀವಲ್ದು,” ಎಂದರು. “ನಮ್ಮೂರಿನ್ ಹೊಳಿ ರೀ ಅದು. ದಂಡಿ ಮ್ಯಾಗ ಬೆಳೆದೀನಿ. ಹೆಂಗ್ ಹರೀತದ ಅಂತ ಮಿಸ್ ಹೇಳಿದ ಮ್ಯಾಲೇ ಗೊತ್ತಾಗಿದ್ದು.”

ಅದಾದ ಕೆಲವು ದಿನಗಳ ಮೇಲೆ ಟ್ರ್ಯಾಕರಿನ ದಾಖಲೆ ನೋಡುತ್ತಿದ್ದಾಗ ಒಂದು ಸಾಲನ್ನು ಎರಡೆರಡು ಸಲ ಓದಿದೆ. ಬೆಳಗಿನ ಹೊತ್ತು ಯಾರೋ ಒಬ್ಬರು ಬಂದು ಹೋಗಿದ್ದರು. ಅವರ ಬಳಿ ಎಲ್ಲ ತುಂಡುಗಳೂ ಇದ್ದವು. ಕೃಷ್ಣೆಯ ಮುಂದಿನದು, ತುಂಗಭದ್ರೆ, ಕಾವೇರಿ, ಗಣಿಗಳು, ಕಾಡುಗಳು, ಎಲ್ಲವೂ. ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಇದ್ದು ಮಾಯವಾಗಿದ್ದರು. ಮರುದಿನವೂ ಅದೇ ಹೊತ್ತಿಗೆ ಬಂದರು, ಅಷ್ಟೇ ಹೊತ್ತಿಗೆ ಹೋದರು.

ಯಾರು ಎಂದು ತಿಳಿಯುವ ದಾರಿ ಇರಲಿಲ್ಲ. ಕೇಳುಗರ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಎಲ್ಲರೂ ನಾನಲ್ಲ ಎಂದರು. ಅಂಕಿಗಳ ವಿಳಾಸವೊಂದು ಕಾಣುತ್ತಿತ್ತು, ಆದರೆ ಅದು ಇಂಟರ್ನೆಟ್ ಕಂಪನಿ ನೂರಾರು ಮನೆಗಳಿಗೆ ಸೇರಿಸಿ ಕೊಟ್ಟ ಒಂದೇ ವಿಳಾಸ. ಅದರ ಹಿಂದೆ ಯಾವ ಮನೆ ಎಂದು ಕಂಪನಿಯವರಿಗಷ್ಟೇ ಗೊತ್ತು. ಅವರ ಕಾಲ್ ಸೆಂಟರಿಗೆ ಫೋನು ಮಾಡಿದರೆ, ಪೊಲೀಸರ ಪತ್ರ ತನ್ನಿ ಎಂದರು. ಆ ಅಪರಿಚಿತರಿಗೆ ಆ್ಯಪ್ ಮೂಲಕವೇ ಒಂದು ಸಾಲು ಬರೆಯೋಣವೆಂದರೆ ನಮ್ಮ ಆ್ಯಪಿನಲ್ಲಿ ಮಾತಿಗೆ ಜಾಗವಿಲ್ಲ, ತುಂಡು ಕೇಳುವುದು ಕೊಡುವುದು ಬಿಟ್ಟು ಅದಕ್ಕೆ ಬೇರೆ ಭಾಷೆ ತಿಳಿಯದು. ಇದರಲ್ಲಿ ಯಜಮಾನ ಯಾರೂ ಇಲ್ಲ, ಯಾರೂ ಇದನ್ನು ನಿಲ್ಲಿಸಲಾರರು ಎಂದು ಟ್ರಸ್ಟಿಗಳ ಮುಂದೆ ಎದೆಯುಬ್ಬಿಸಿ ವಿವರಿಸಿದವನು ನಾನು. ಯಜಮಾನ ಇಲ್ಲದ ಕಡೆ ಗೋಗರೆಯುವುದಕ್ಕೂ ಯಾರೂ ಇರುವುದಿಲ್ಲ ಎಂದು ಆಗ ಗೊತ್ತಾಯಿತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೊಂದೇ ಕೆಲಸವಾಯಿತು.

ಹೊಸ ಡಿಸ್ಕಿಗೆ ಸಭೆ ಕಾಯುತ್ತಿರಲಿ ಎಂದು ಮನೆಯಿಂದ ನನ್ನದೇ ಕಂಪ್ಯೂಟರ್ ತಂದು ಆಫೀಸಿನಲ್ಲಿಟ್ಟೆ. ಹೊರಗಿನವರು ನೇರವಾಗಿ ಬಂದು ಬಾಗಿಲು ತಟ್ಟಬಹುದಾದ ಸ್ವಂತ ವಿಳಾಸ ಅದಕ್ಕೆ ಕೊಡಿಸಿದೆ. ಫೋನುಗಳು, ಮನೆಯ ವೈಫೈಗಳು ಬಾಗಿಲು ಹಾಕಿಕೊಂಡ ಮನೆಗಳು. ಅಂಥ ಇಬ್ಬರು ಭೇಟಿಯಾಗಬೇಕಾದರೆ ಇಬ್ಬರೂ ಒಂದೇ ಹೊತ್ತಿಗೆ ಒಳಗಿನಿಂದ ತಳ್ಳಬೇಕು, ಅದು ಒಮ್ಮೆ ಆಗುತ್ತದೆ, ಒಮ್ಮೆ ಕೈಕೊಡುತ್ತದೆ. ನನ್ನ ಕಂಪ್ಯೂಟರ್ ಬಾಗಿಲು ತೆರೆದಿಟ್ಟುಕೊಂಡು ಕೂತಿತು. ಮರುದಿನ ಬೆಳಿಗ್ಗೆ ಅಪರಿಚಿತರು ಬಂದರು. ನನ್ನ ಕಂಪ್ಯೂಟರಿಗೂ ಅವರಿಗೂ ಸಂಪರ್ಕವಾಯಿತು. ಆದರೆ ಹೋಗುವಷ್ಟರಲ್ಲಿ ಒಂದೇ ಒಂದು ತುಂಡೂ ಪೂರ್ತಿಯಾಗಲಿಲ್ಲ.

ಕಾರಣ ಕಣ್ಣೆದುರಿಗೇ ಇತ್ತು. ಅವರು ಬಂದ ಕ್ಷಣ ನಮ್ಮ ಕೇಳುಗರ ಫೋನುಗಳೆಲ್ಲ ಒಮ್ಮೆಲೇ ಮುಗಿಬೀಳುತ್ತಿದ್ದವು. ಒಂದೇ ನಲ್ಲಿಗೆ ಇಡೀ ಬೀದಿಯ ಕೊಡ. ಎಲ್ಲರ ಕೊಡಕ್ಕೂ ತಳ ಒದ್ದೆಯಾಗುವಷ್ಟು ಬಿದ್ದು ನಲ್ಲಿ ನಿಲ್ಲುತ್ತಿತ್ತು. ನಮ್ಮ ಆ್ಯಪ್ ಅರ್ಧ ಬಂದ ತುಂಡನ್ನು ಇಟ್ಟುಕೊಳ್ಳುವುದಿಲ್ಲ, ಮರುದಿನ ಮತ್ತೆ ಮೊದಲಿನಿಂದ. ಹೀಗೇ ಬಿಟ್ಟರೆ ಪರೀಕ್ಷೆ ಮುಗಿದರೂ ಯಾರಿಗೂ ಏನೂ ಸಿಗುವುದಿಲ್ಲ.

ಒಂದಿಡೀ ದಿನ ಯೋಚಿಸಿದೆ. ಎಲ್ಲರೂ ತೆರೆದಿಟ್ಟುಕೊಳ್ಳಿ, ತೆರೆದಿಟ್ಟಷ್ಟೂ ಎಲ್ಲರಿಗೂ ಲಾಭ ಎಂದು ಪಾಠ ಮಾಡಿದವನು ಈಗ ಉಲ್ಟಾ ಹೇಳಬೇಕಿತ್ತು. ಕೊನೆಗೆ ಕೆ.ಆರ್. ಪುರಕ್ಕೆ ಫೋನು ಮಾಡಿದೆ. ಕೇಳುಗರ ನಡುವೆ ಆಕೆಯ ಮಾತಿಗೆ ಬೆಲೆಯಿತ್ತು.

“ಬೆಳಿಗ್ಗೆ ಹೊತ್ತು ಎಲ್ಲರೂ ಆ್ಯಪ್ ಮುಚ್ಚಿಡ್ಬೇಕು. ನನ್ನ ಕಂಪ್ಯೂಟರ್ ಒಂದೇ ತಗೊಳ್ಳುತ್ತೆ. ಮಧ್ಯಾಹ್ನ ನೀವು ನನ್ನಿಂದ ತಗೊಳ್ಳಿ.”

“ಕೈಗೆ ಬರೂ ಹೊತ್ನಾಗ ಬಂದ್ ಮಾಡಿ ಕುಂದರ್ರಿ ಅಂತೀರಿ.”

“ಹೌದು.”

“ನಿಮ್ ಕಂಪ್ಯೂಟರಿಗೂ ಬರ್ಲಿಲ್ಲಂದ್ರ?”

“ಬರ್ಲಿಲ್ಲ ಅಂದ್ರೆ ನನ್ ಹತ್ರ ಬೇರೆ ಏನೂ ಇಲ್ಲ.”

“ಆತು ರೀ. ನಾ ಹೇಳ್ತೀನಿ ಎಲ್ರಿಗೂ.”

ಹೇಗೆ ಹೇಳಿದರೋ, ಮರುದಿನ ಬೆಳಿಗ್ಗೆ ಹಾಜರಿಯಲ್ಲಿ ಒಬ್ಬರೂ ಇರಲಿಲ್ಲ. ನಾನು ಉಗುರು ಕಚ್ಚುತ್ತ ಪರದೆಯ ಮುಂದೆ ಕೂತಿದ್ದೆ. ಅಪರಿಚಿತರು ಬಂದರು. ಇಡೀ ನಲ್ಲಿ ನನ್ನ ಒಂದೇ ಕೊಡಕ್ಕೆ ಸುರಿಯಿತು. ಒಂದು ತುಂಡು ಪೂರ್ತಿಯಾಯಿತು, ಇನ್ನೊಂದಾಯಿತು, ಮತ್ತೊಂದು ಆಗುತ್ತಿದ್ದಂತೆ ಹೋದರು. ಅಷ್ಟಕ್ಕೇ ನಾನು ಕುಣಿದಾಡುವಂತಾದೆ. ಮಧ್ಯಾಹ್ನ ಕೆ.ಆರ್. ಪುರದಿಂದ ಫೋನು ಬಂತು. “ಕೃಷ್ಣಾ ದಾಟಿದೆ ಸರ್.”

ಹೀಗೆ ದಿನಕ್ಕಿಷ್ಟು ಬರತೊಡಗಿತು. ಲೆಕ್ಕ ಹಾಕಿದರೆ ಪರೀಕ್ಷೆಗೆ ಒಂದು ವಾರ ಇರುವಂತೆ ಮುಗಿಯಬೇಕು. ಮುಗಿಯಲಿಲ್ಲ. ತುಂಗಭದ್ರೆಯ ನಡುವೆ ಅಪರಿಚಿತರು ಬರುವುದನ್ನೇ ನಿಲ್ಲಿಸಿದರು. ಒಂದು ಬೆಳಿಗ್ಗೆ ತಪ್ಪಿತು, ಕರೆಂಟಿರಲಿಕ್ಕಿಲ್ಲ ಎಂದುಕೊಂಡೆ. ಎರಡನೆಯದೂ ತಪ್ಪಿತು. ಆಮೇಲೆ ದಿನವೂ ಬೆಳಿಗ್ಗೆ ಖಾಲಿ ಹಾಜರಿಯನ್ನು ನೋಡುವುದು, ಮಧ್ಯಾಹ್ನ ಆಕೆಯ ಫೋನಿಗೆ ಹೆದರುವುದು. ಎಲ್ಲರನ್ನೂ ಮುಚ್ಚಿಸಿದ್ದಕ್ಕೇ ಹೀಗಾಯಿತೇ, ತನ್ನಿಂದ ಕೇಳುವವರೇ ಇಲ್ಲವೆಂದು ಅವರು ಆ್ಯಪ್ ತೆಗೆದುಹಾಕಿದರೇ ಎಂದು ತಲೆ ಕೆಡಿಸಿಕೊಂಡೆ. ಅಳು ಬರುವಷ್ಟು ಕೈಲಾಗದವನಾಗಿದ್ದೆ. ಆಕೆ ಬೈದಿದ್ದರೆ ಹಗುರವಾಗುತ್ತಿತ್ತು. “ಇವತ್ತೂ ಇಲ್ಲೇನ್ರಿ?” ಎಂದು ಕೇಳಿ, “ಇರ್ಲಿ ಬಿಡ್ರಿ,” ಎಂದು ಇಡುತ್ತಿದ್ದರು.

ಆ ದಿನಗಳಲ್ಲೇ ಮ್ಯಾನೇಜರ್ ಮೇಡಂ, “ರೀ, ಯಾರೂ ಮಿಸ್‌ನ ನೋಡಕ್ಕೇ ಹೋಗಿಲ್ಲ. ನೀವಾದ್ರೂ ಹೋಗ್ಬನ್ನಿ,” ಎಂದು ಹಣ್ಣಿನ ಚೀಲ ಕೈಗಿಟ್ಟರು. ನಿಜ ಹೇಳಬೇಕೆಂದರೆ ಅವರನ್ನು ಆ ಸ್ಥಿತಿಯಲ್ಲಿ ನೋಡುವ ಧೈರ್ಯ ನನಗಿರಲಿಲ್ಲ. ಹೋದೆ. ಮಹದೇವಪುರದ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಮಿಸ್ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಬಾಯಿ ತೆರೆದರು, ಮೂರ್ನಾಲ್ಕು ಸಲ ಒಂದೇ ಶಬ್ದ ಬಂತು. ನನಗೆ ತಿಳಿಯಲಿಲ್ಲ. ತಿಳಿದವನಂತೆ ತಲೆಯಾಡಿಸಿದೆ. ಅವರು ಮುಖ ತಿರುಗಿಸಿಕೊಂಡರು. ಪಾಠ ಮಾಡಿದವರಿಗೆ ಅರ್ಥವಾದವನ ಮುಖ ಗೊತ್ತಿರುತ್ತದೆ.

ಅಡುಗೆಮನೆಯ ಬಾಗಿಲಲ್ಲಿ ಅಕ್ಕನ ಮಗಳು ತಗ್ಗಿದ ದನಿಯಲ್ಲಿ ಹೇಳಿದಳು: “ಅರ್ಥ ಎಲ್ಲಾ ಆಗುತ್ತೆ ಆಂಟಿಗೆ. ಮಾತು ಮಾತ್ರ ಬರಲ್ಲ. ದಿನಾ ಬೆಳಿಗ್ಗೆ ಟ್ಯಾಬಲ್ಲಿ ತಮ್ಮದೇ ಪಾಠ ಹಾಕ್ಕೊಂಡು ಅದರ ಜೊತೆ ಹೇಳಕ್ಕೆ ಟ್ರೈ ಮಾಡೋರು. ಒಂದು ಪದಾನೂ ಬರ್ತಿರ್ಲಿಲ್ಲ. ಆಮೇಲೆ ಅಳೋರು. ನಂಗೆ ನೋಡಕ್ಕಾಗ್ಲಿಲ್ಲ ಸರ್, ಕಿತ್ತಿಟ್ಬಿಟ್ಟೆ.”

“ಯಾವ ಟ್ಯಾಬು?”

“ಅವರು ಹಾಡು ಕೇಳೋ ಟ್ಯಾಬು. ಅದ್ರಲ್ಲೇ ಇತ್ತು ಪಾಠಾನೂ.”

“ಯಾವಾಗ ಕಿತ್ತಿಟ್ರಿ?”

ಅವಳು ಹೇಳಿದ ದಿನ ನನಗೆ ಬಾಯಿಪಾಠವಾಗಿತ್ತು, ಅಪರಿಚಿತರು ಬರುವುದು ನಿಂತ ದಿನ. ಪಾಠ ಕೇಳುಗರ ಕಿವಿಗೆ ಹೇಗೆ ಬೀಳುತ್ತದೆ ಎಂದು ನೋಡಲು ಮಿಸ್ ತಮ್ಮ ಟ್ಯಾಬಿಗೂ ನಮ್ಮ ಆ್ಯಪ್ ಹಾಕಿಕೊಂಡಿದ್ದರು. ತೆರೆದಾಗಲೆಲ್ಲ ಅದು ಅವರಿಗೆ ಗೊತ್ತಿಲ್ಲದೆ ಎಲ್ಲರಿಗೂ ಕೊಡುತ್ತಿತ್ತು. ನಾನು ಬೆಳಿಗ್ಗೆ ಬೆಳಿಗ್ಗೆ ಪರದೆಯ ಮುಂದೆ ಇನ್ನೂ ಸ್ವಲ್ಪ ಹೊತ್ತು ಇರಲಿ, ಇನ್ನೂ ಸ್ವಲ್ಪ ಇರಲಿ ಎಂದು ಬೇಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಇಲ್ಲಿ ಈ ಹೆಂಗಸು ಒಂದು ಪದಕ್ಕಾಗಿ ಒದ್ದಾಡುತ್ತಿದ್ದರು. ಸೋತು ಮುಚ್ಚಿದಾಗ ನನ್ನ ನಲ್ಲಿ ನಿಲ್ಲುತ್ತಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತೆ.

ವಿಷಯ ಹೇಳಿ ಟ್ಯಾಬು ಕೇಳಿದೆ. ಅವಳು ಕಪಾಟಿನ ಮೇಲಿಂದ ತೆಗೆದುಕೊಟ್ಟಳು. “ಸೌಂಡ್ ಮಾತ್ರ ಬೇಡ,” ಎಂದಳು. ಊಟದ ಮೇಜಿನ ಮೇಲೆ ಚಾರ್ಜಿಗೆ ಹಾಕಿ, ಪರದೆ ಆರದಂತೆ ಮಾಡಿ, ಪಾಠ ನುಡಿಸದೆ ಆ್ಯಪ್ ತೆರೆದೆ. ಟ್ಯಾಬು ಕಂಡದ್ದೇ ಮಿಸ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರಿಗೂ ಎಲ್ಲ ಹೇಳಿದೆ, ಕಂಪ್ಯೂಟರ್ ಹೋದದ್ದು, ಕೃಷ್ಣೆ ನಿಂತದ್ದು, ಎಷ್ಟು ಜನ ಕಾಯುತ್ತಿದ್ದಾರೆ ಎಂಬುದು. ಅವರು ಪರದೆಯ ಮೇಲಿನ ಪಟ್ಟಿ ತುಂಬುವುದನ್ನೇ ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕೊನೆಯ ತುಂಡೂ ಹಲಸೂರಿನ ನನ್ನ ಕಂಪ್ಯೂಟರಿಗೆ ಸೇರಿತು. ಎಲ್ಲರೂ ಆ್ಯಪ್ ತೆರೆಯಿರಿ ಎಂದು ಗುಂಪಿಗೆ ದನಿ ಕಳಿಸಿದೆ. ಕೆ.ಆರ್. ಪುರಕ್ಕೆ ಬೇರೆಯಾಗಿ, ಕೊನೆಯ ಪಾಠದ ಕೊನೆ ಕೇಳಿ ಪೂರ್ತಿ ಬಂದಿದೆಯಾ ಹೇಳಿ ಎಂದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು. ಟ್ಯಾಬಿನ ವೈರು ಬಿಚ್ಚುತ್ತಿದ್ದೆನಾದ್ದರಿಂದ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

“ಪೂರಾ ಬಂತ್ರಿ ಸರ್, ಪೂರಾ,” ಎಂದರು ಆಕೆ. “ಒಂದೇ ಡೌಟು. ಕೊನೀಗೆ ಮಿಸ್ ಅಂತಾರ, ಮಳಿ ನಕ್ಷೆ ಮುಂದಿನ ಪಾಠದಾಗ ಹೇಳ್ತೀನಿ, ಪರೀಕ್ಷಾಕ್ಕ ಅದೇ ಮುಖ್ಯ ಅಂತ. ಆ ಪಾಠ ಎಲ್ಲದ ರೀ? ಯಾರ್ ಹತ್ರದ?”

ನನಗೆ ಉತ್ತರ ಗೊತ್ತಿತ್ತು. ಅದು ಯಾರ ಬಳಿಯೂ ಇರಲಿಲ್ಲ. ಪಾಠ ಹೇಳುವ ಮೊದಲೇ ಮಾತು ಹೋಗಿತ್ತು. ಬಾಯಿತಪ್ಪಿ, “ಮಿಸ್ ಇಲ್ಲೇ ಇದಾರೆ,” ಎಂದುಬಿಟ್ಟೆ.

“ಮಿಸ್ ಅದಾರಾ? ನಮಸ್ಕಾರ ರೀ ಮಿಸ್. ನಾ ರಾಯಚೂರ ಕಡಿಯಾಕಿ. ಮಳಿ ನಕ್ಷೆ ಸ್ವಲ್ಪ ಹೇಳ್ರಿ ಮಿಸ್, ಹಂಗೇ ಫೋನಿನಾಗ. ನೆನಪಿಟ್ಕೋತೀನಿ.”

ಅಕ್ಕನ ಮಗಳು ಮುಂದೆ ಬಂದವಳು ನಿಂತಳು. ಮಿಸ್ ಫೋನಿನತ್ತ ಬಾಗಿ ಕಣ್ಣು ಮುಚ್ಚಿಕೊಂಡರು, ಧ್ವನಿಮುದ್ರಣದ ಕೋಣೆಯಲ್ಲಿ ಮುಚ್ಚಿಕೊಳ್ಳುತ್ತಿದ್ದ ಹಾಗೆಯೇ. ಬಾಯಿ ತೆರೆದರು. ಶಬ್ದ ಬಂತು, ನಿಂತಿತು, ಮತ್ತೆ ಬಂತು, ಮುರಿಯಿತು. ಕತ್ತಿನ ನರಗಳೆಲ್ಲ ಎದ್ದು ನಿಂತಿದ್ದವು.

“ಹಲೋ? ಮಿಸ್?” ಎಂದರು ಆಕೆ. “ಸರ್, ಲೈನ್ ಸರಿ ಇಲ್ಲ ಅನಸ್ತದ ರೀ. ಕಟ್ ಆಗಿ ಕಟ್ ಆಗಿ ಬರ್ಲಕತ್ತದ. ಸ್ವಲ್ಪ ಕಿಟಕಿ ಹತ್ರ ಹೋಗ್ರಿ.”

ನಾನು ಮಿಸ್ ಮುಖ ನೋಡಿದೆ. ಅವರು ಕಣ್ಣು ತೆರೆದು, ಎಡಗೈಯಿಂದ ಫೋನನ್ನು ನನ್ನ ಕಡೆಗೆ ತಳ್ಳಿ, ಅದೇ ಕೈ ಎತ್ತಿ ಕಿಟಕಿ ತೋರಿಸಿದರು. ನಾನು ಎದ್ದು ಹೋಗಿ ಕಿಟಕಿಯ ಬಳಿ ನಿಂತು, “ಹಲೋ, ಹಲೋ, ಈಗ ಕೇಳಿಸ್ತಿದೆಯಾ?” ಎಂದು ಕೇಳಿದೆ.